ಗ್ರಾಮಾರೋಗ್ಯ ಸೇವೆಯ ಸ್ಥೈರ್ಯ

ಪುರುಷಾರ್ಥಸಾಧನೆಗೆಲ್ಲ ದೇಹಾರೋಗ್ಯವೇ ಮೂಲವೆಂಬುದು ನಮ್ಮ ಪ್ರಾಚೀನ ವೈದ್ಯರ ನಿಲುವು. ಆದರೆ ವೈದ್ಯನು ಪಟ್ಟಣದಲ್ಲಿಯೂ ರೋಗಿಯು ಹಳ್ಳಿಯಲ್ಲಿಯೂ ಇರುವ ಬಡ ರಾಷ್ಟ್ರಗಳಲ್ಲಿ ಆ ಮೂಲವನ್ನು ಕಾಯುವವರಾರು? ಊರವರಲ್ಲಿಯೇ ಒಬ್ಬರನ್ನು ಆರಿಸಿ, ಮಿತವಾದ ಶಿಕ್ಷಣವಿತ್ತು, ನೆರೆಹೊರೆಯ ಆರೋಗ್ಯಪಾಲನೆಯನ್ನು ಅವರಿಗೆ ಒಪ್ಪಿಸುವುದೇ ಇದಕ್ಕೆ ದೊರೆತ ಒಂದು ಉತ್ತರ. 1978ರಲ್ಲಿ ಆಲ್ಮಾ ಆಟಾ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವು ಈ ಮಾರ್ಗವನ್ನು ಎತ್ತಿಹಿಡಿಯಿತು. ಇಂತಹ ಕಾರ್ಯವನ್ನು ಆರಂಭಿಸುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ.

ಭಾರತದ ಅನುಭವವೇ ಇದಕ್ಕೆ ನಿದರ್ಶನ. 1977ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರವು ಸಾವಿರ ಜನರಿಗೊಬ್ಬ ಕಾರ್ಯಕರ್ತನಂತೆ ನೇಮಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಮೂರು ತಿಂಗಳ ತರಬೇತಿ, ಮಾಸಿಕ 50 ರೂಪಾಯಿ ಗೌರವಧನ, ಒಂದಿಷ್ಟು ಔಷಧ. ಇಷ್ಟೇ ಅದರ ಬಂಡವಾಳ. ಆಯ್ಕೆಯಾದವರಲ್ಲಿ ಬಹುಮಂದಿ ಪುರುಷರಾದುದರಿಂದ ಗರ್ಭಿಣಿ, ಬಾಣಂತಿಯರಿಗೆ ಅವರ ಸೇವೆ ಸಲ್ಲುವುದು ದುಸ್ತರವಾಯಿತು. ಔಷಧ ಪೂರೈಕೆಯೂ ಮೇಲ್ವಿಚಾರಣೆಯೂ ಕುಂದಿದವು. ಹೆಸರು ಬದಲಾಯಿತೇ ಹೊರತು ಹಣೆಬರಹ ಬದಲಾಗಲಿಲ್ಲ. ಯೋಜನೆಯು ಕ್ರಮೇಣ ಸೊರಗಿತು.

ಇದಕ್ಕೆ ಮೊದಲೇ, 1970ರಲ್ಲಿ, ಮಹಾರಾಷ್ಟ್ರದ ಜಾಮಖೇಡದಲ್ಲಿ ವೈದ್ಯದಂಪತಿಗಳಾದ ರಜನಿಕಾಂತ ಆರೋಳೆ ಮತ್ತು ಮೇಬೆಲ್ ಆರೋಳೆ ಅವರು ಕಾರ್ಯಾರಂಭ ಮಾಡಿದ್ದರು. ಅವರು ಹಿಡಿದ ದಾರಿ ಬೇರೆ. ಹಳ್ಳಿಗರೇ ಆರಿಸಿದ ಸ್ತ್ರೀಯರನ್ನು, ಅವರಲ್ಲಿ ಅನೇಕರು ನಿರಕ್ಷರಿಗಳಾಗಿದ್ದರೂ, ಕಾರ್ಯಕರ್ತೆಯರನ್ನಾಗಿಸಿದರು. ತರಬೇತಿಯು ಒಮ್ಮೆಗೇ ಮುಗಿಯುವಂತಹುದಾಗಿರಲಿಲ್ಲ. ಮತ್ತೆ ಮತ್ತೆ ಕೇಂದ್ರಕ್ಕೆ ಬಂದು, ಊರಿನಲ್ಲಿ ಕಂಡ ಕಷ್ಟವನ್ನು ಹೇಳಿಕೊಂಡು, ಹೊಸ ಪಾಠವನ್ನು ಕಲಿತು ಹಿಂದಿರುಗುವುದು ಅಲ್ಲಿಯ ಕ್ರಮ. ಕಠಿಣ ರೋಗಗಳಿಗೆ ಆಸ್ಪತ್ರೆಯ ಬೆಂಬಲವಿತ್ತು. ಬೆಂಬಲವಿಲ್ಲದ ಕಾರ್ಯಕರ್ತೆಯ ಮಾತನ್ನು ಊರು ಎಷ್ಟು ದಿನ ನಂಬೀತು?

2005ರಲ್ಲಿ ಆರಂಭವಾದ 'ಆಶಾ' ಯೋಜನೆಯು ಸ್ತ್ರೀಯರನ್ನೇ ಆರಿಸುವುದರ ಮೂಲಕ ಹಿಂದಿನ ಒಂದು ಕೊರತೆಯನ್ನು ನೀಗಿತು. ಕರ್ನಾಟಕದ ಹಳ್ಳಿಗಳಲ್ಲಿಯೂ ಹೆರಿಗೆ, ಲಸಿಕೆಗಳ ವಿಷಯದಲ್ಲಿ ಮನೆಗೂ ಆಸ್ಪತ್ರೆಗೂ ಆಶಾ ಕಾರ್ಯಕರ್ತೆಯರೇ ಸೇತುವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅವರನ್ನು ಪುರಸ್ಕರಿಸಿತು. ಆದರೂ ಅವರಿಗಿರುವುದು ನಿಯತ ವೇತನವಲ್ಲ, ಗೌರವಧನ ಹಾಗೂ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಇಥಿಯೋಪಿಯಾ ದೇಶವು 2003ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಸ್ತ್ರೀಯರಿಗೆ ಒಂದು ವರ್ಷದ ತರಬೇತಿಯಿತ್ತು, ಸರ್ಕಾರಿ ಸಂಬಳವನ್ನೇ ನಿಗದಿಪಡಿಸಿತು. ಬಡತನವು ಸಂಬಳಕ್ಕೆ ಅಡ್ಡಿಯಲ್ಲವೆಂಬುದಕ್ಕೆ ಇದು ಸಾಕ್ಷಿ.

ಊರ ಒಪ್ಪಿಗೆಯ ಆಯ್ಕೆ, ನಿಲ್ಲದ ಶಿಕ್ಷಣ, ಕೈಗೆಟಕುವ ಔಷಧ, ಬೆನ್ನಿಗೆ ಆಸ್ಪತ್ರೆ, ನ್ಯಾಯವಾದ ವೇತನ. ಈ ಐದೂ ಕೂಡಿದಲ್ಲಿ ಮಾತ್ರ ಇಂತಹ ಸೇವೆ ಬಾಳುತ್ತದೆ. ಊರಿನ ಕೂಸನ್ನು ಕಾಯುವವಳ ಮನೆಯ ಒಲೆಯೂ ಉರಿಯಬೇಕು. ಅವಳ ತ್ಯಾಗವನ್ನು ಹೊಗಳುವ ಸಮಾಜವು ಅವಳ ಹಕ್ಕನ್ನೂ ಮನ್ನಿಸುವುದು ಧರ್ಮ.