ಕ್ಲ್ಯಾಟ್ ಅಣಕು ಪರೀಕ್ಷೆ: ಅಂಕ ಏರುವುದೆಲ್ಲಿ?

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿದಂತೆ ಹಲವು ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲ್ಯಾಟ್ ಪದವಿ ಪರೀಕ್ಷೆಯಲ್ಲಿ, 2024ರ ಆವೃತ್ತಿಯಿಂದ 120 ನಿಮಿಷಗಳಿಗೆ 120 ಪ್ರಶ್ನೆಗಳಿದ್ದು, ಸರಿಯುತ್ತರಕ್ಕೆ 1 ಅಂಕ ದೊರೆತರೆ ತಪ್ಪುತ್ತರಕ್ಕೆ 0.25 ಅಂಕ ಕಡಿತವಾಗುತ್ತದೆ. ಇದನ್ನೇ ಋಣಾತ್ಮಕ ಅಂಕ ಎನ್ನುತ್ತಾರೆ. ಹೀಗಾಗಿ 80 ಸರಿ, 32 ತಪ್ಪು ಉತ್ತರ ಬರೆದವರಿಗೆ ಕೊನೆಗೆ ಉಳಿಯುವುದು 72 ಅಂಕ ಮಾತ್ರ.

ಅಣಕು ಪರೀಕ್ಷೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಅಂಕ ಹೆಚ್ಚುವುದಿಲ್ಲ. ಪ್ರತಿ ಪರೀಕ್ಷೆಯ ನಂತರ ತಪ್ಪುಗಳನ್ನು ವಿಷಯ ತಿಳಿಯದೆ ಆದದ್ದು, ಗದ್ಯಭಾಗವನ್ನು ಅವಸರದಲ್ಲಿ ಓದಿ ಆದದ್ದು, ಸಮಯ ಸಾಲದೆ ಊಹಿಸಿದ್ದು ಎಂದು ಮೂರಾಗಿ ವಿಂಗಡಿಸಿ ಬರೆದಿಟ್ಟಾಗ ಮಾತ್ರ ದೌರ್ಬಲ್ಯ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಕಾನೂನು ತರ್ಕ, ಅಂದರೆ ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಅನ್ವಯಿಸುವ ವಿಭಾಗವನ್ನೇ ನೋಡಬಹುದು: ಅಪ್ರಾಪ್ತ ವಯಸ್ಕರ ಒಪ್ಪಂದವೂ ಸಿಂಧು ಎಂಬ ಕಾಲ್ಪನಿಕ ನಿಯಮವನ್ನು ಗದ್ಯಭಾಗ ಮುಂದಿಟ್ಟು, ಅದರಂತೆ ಉತ್ತರಿಸಲು ಹೇಳಿದ್ದರೆ, ವಾಸ್ತವದ ಕಾನೂನು ಬೇರೆಯಾಗಿದ್ದರೂ ಉತ್ತರ ಆ ನಿಯಮದಿಂದಲೇ ಹೊರಡಬೇಕು.

ಆದ್ದರಿಂದ ಅಭ್ಯರ್ಥಿಗಳು ಪರೀಕ್ಷೆ ಬರೆಯಲು ವ್ಯಯಿಸಿದ 2 ಗಂಟೆಗಳಷ್ಟೇ ಸಮಯವನ್ನು ಅದರ ವಿಶ್ಲೇಷಣೆಗೂ ಮೀಸಲಿಡಲಿ. ತಿದ್ದಿಕೊಂಡ ತಪ್ಪೇ ಮುಂದಿನ ಅಂಕ.