ಥ್ರೇಸಿಯನ್ನರು ದೇವರಿಗೆ ಸುದ್ದಿ ಕಳಿಸಿದ್ದು ಹೇಗೆ?

ದೇವರಿಗೆ ಅಹವಾಲು ಕಳಿಸಬೇಕು. ಹೇಗೆ? ಚೀಟಿ ಎತ್ತಿದ ಹಾಗೆ ಒಬ್ಬನನ್ನು ಆರಿಸಿ, ಕೈಕಾಲು ಹಿಡಿದು ಮೇಲಕ್ಕೆಸೆದು, ಮೂರು ಈಟಿಗಳ ಮೊನೆ ಮೇಲೆ ಬೀಳಿಸುವುದು!

ಡ್ಯಾನ್ಯೂಬ್ ನದಿ ಕಡೆಯ ಥ್ರೇಸಿಯನ್ ಕುಲ, ಗೇಟೆ ಜನರ ಪದ್ಧತಿ ಇದು ಅಂತ ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ದೇವರ ಹೆಸರು ಜಲ್ಮಾಕ್ಸಿಸ್. ದೂತ ಸತ್ತರೆ ದೇವರು ಒಲಿದ ಅಂತ ಲೆಕ್ಕ. ಸಾಯದಿದ್ದರೆ? ನೀನೇ ಕೆಟ್ಟವನು ಅಂತ ಬೈದು, ಇನ್ನೊಬ್ಬನನ್ನು ಕಳಿಸುತ್ತಿದ್ದರು. ಪಾಪ, ಹೇಗಿದ್ದರೂ ದೂತನಿಗೇ ಕಷ್ಟ.

ಸತ್ತವರು ಜಲ್ಮಾಕ್ಸಿಸ್ ಬಳಿಗೇ ಹೋಗುತ್ತಾರೆ ಅನ್ನುವುದು ಅವರ ನಂಬಿಕೆ. ಗುಡುಗಿದರೆ ಆಕಾಶಕ್ಕೇ ಬಾಣ ಬಿಟ್ಟು ಬೆದರಿಸುತ್ತಿದ್ದರಂತೆ!

ಥ್ರೇಸಿಯನ್ನರ ಇನ್ನೊಬ್ಬ ದೇವತೆ ಬೆಂಡಿಸ್ ಅಥೆನ್ಸ್‌ನವರನ್ನೂ ಒಲಿಸಿಕೊಂಡಳು. ಪಿರೇಯಸ್ ಬಂದರಿನಲ್ಲಿ ಅವಳ ಜಾತ್ರೆ, ಕುದುರೆ ಮೇಲೆ ಪಂಜಿನ ಓಟ. ತತ್ವಜ್ಞಾನಿ ಪ್ಲೇಟೋನ ‘ರಿಪಬ್ಲಿಕ್’ ಗ್ರಂಥ ಶುರುವಾಗುವುದೇ ಆ ಜಾತ್ರೆಯ ದಿನ.