ಅಷ್ಟೂರಿನ ಉರುಸು

ವರ್ಷದ ಲೆಕ್ಕವನ್ನು ಹಬ್ಬಗಳಿಂದಲೇ ಇಡುವ ರೂಢಿಯು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಉಂಟು. ಕರು ಹುಟ್ಟಿದ್ದು ಎಳ್ಳಮಾವಾಸ್ಯೆಗೆ ಮುಂಚೆ, ಮಗಳ ಮದುವೆ ಗೊತ್ತಾದದ್ದು ಹೋಳಿಹುಣ್ಣಿಮೆಯ ತರುವಾಯ ಎಂದು ಹೇಳುವ ಹಿರಿಯರನ್ನು ವಾಚಕರೆಲ್ಲರೂ ಕಂಡಿರಬಹುದು. ಆದರೆ ಒಬ್ಬ ಮುಸಲ್ಮಾನ ಸುಲ್ತಾನನ ಪುಣ್ಯತಿಥಿಯನ್ನೂ ಹೋಳಿಯ ಲೆಕ್ಕದಿಂದಲೇ ಎಣಿಸುವ ಊರೊಂದು ನಮ್ಮ ನಾಡಿನಲ್ಲಿರುವುದನ್ನು ಬಲ್ಲವರು ಬಹಳ ಮಂದಿಯಿಲ್ಲ. ಬೀದರ ನಗರದ ಪೂರ್ವಕ್ಕೆ, ಒಂದು ಹರದಾರಿಯೊಳಗೇ ಇರುವ ಅಷ್ಟೂರೇ ಆ ಊರು.

ಅಲ್ಲಿ ಬಹಮನಿ ಅರಸರ ಗುಮ್ಮಟಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಜನರ ಭಕ್ತಿಗೆ ಪಾತ್ರವಾದದ್ದು ಒಂದನೆಯ ಅಹಮದ್ ಷಹನದು. ಇವನು 1422ರಲ್ಲಿ ಪಟ್ಟವೇರಿದನು, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಇವನೇ, 1436ರಲ್ಲಿ ತೀರಿಕೊಂಡನು. ಇವನ ಆಳಿಕೆಯ ಮೊದಮೊದಲಲ್ಲಿ ಮಳೆಯಿಲ್ಲದೆ ಘೋರವಾದ ಬರ ಬಂದಿತಂತೆ. ಸುಲ್ತಾನನು ಗುಡ್ಡವೊಂದನ್ನೇರಿ ದೇವರಲ್ಲಿ ಮೊರೆಯಿಡಲು ಮೋಡ ಕವಿದು ಮಳೆ ಸುರಿಯಿತೆಂದೂ, ಅಂದಿನಿಂದ ಜನರು ಅವನನ್ನು ‘ವಲಿ’, ಅಂದರೆ ಸಂತನೆಂದು ಕರೆದರೆಂದೂ ಇತಿಹಾಸಕಾರನಾದ ಫೆರಿಶ್ತನು ಬರೆದಿದ್ದಾನೆ. ಅದೇ ಸಾಲಿನಲ್ಲಿ ಇವನ ಮೊಮ್ಮಗ ಹುಮಾಯೂನನ ಗುಮ್ಮಟವು ಅರ್ಧ ಕಳಚಿಬಿದ್ದು ಬಾಯ್ತೆರೆದು ನಿಂತಿದೆ. ಅವನಿಗೆ ಜನರಿತ್ತ ಬಿರುದು ‘ಜಾಲಿಮ್’, ಎಂದರೆ ಕ್ರೂರಿ. ತಾತನ ಹೆಸರಿನಲ್ಲಿ ಜಾತ್ರೆ ಸೇರುತ್ತದೆ, ಮೊಮ್ಮಗನನ್ನು ನೆನೆಯುವವರಿಲ್ಲ.

ಅಹಮದ್ ಷಹನ ಗೋರಿಯ ಒಳಗೆ ಕತ್ತಲೆ. ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ಹಾಯಿಸಿದರೆ, ಗೋಡೆಗಳ ಮೇಲೂ ಗುಮ್ಮಟದ ಒಳಮೈಯಲ್ಲೂ ಹೊನ್ನಿನ ಬಣ್ಣದ ಅಕ್ಷರಗಳೂ ಬಳ್ಳಿಹೂಗಳೂ ಥಟ್ಟನೆ ಬೆಳಗುತ್ತವೆ. ಸುಲ್ತಾನನು ಪರ್ಷಿಯ ದೇಶದ ಕಿರ್ಮಾನಿನ ಸಂತ ಷಹ ನಿಯಾಮತುಲ್ಲನಲ್ಲಿ ಗುರುಭಾವವನ್ನಿಟ್ಟಿದ್ದನು. ಆ ಸಂತನ ವಚನಗಳೂ ಗುರುಪರಂಪರೆಯೂ ಅಲ್ಲಿ ಬರೆಯಲ್ಪಟ್ಟಿವೆ. ಸಂತನ ಮಗ ಖಲೀಲುಲ್ಲನು ಬೀದರಿಗೆ ಬಂದು ನೆಲೆಸಿದನು. ಅವನ ಎಂಟು ಮೂಲೆಯ ಚೌಖಂಡಿಯು ಅಷ್ಟೂರಿನ ದಾರಿಯಲ್ಲಿಯೇ ಇದೆ.

ಇನ್ನು ಉರುಸಿನ ವಿಚಾರ. ಕಲಬುರಗಿ ಜಿಲ್ಲೆಯ ಮಾಡ್ಯಾಳ ಗ್ರಾಮದಿಂದ ಲಿಂಗಾಯತ ಜಂಗಮರು ತಮ್ಮ ಪರಿವಾರದೊಡನೆ ಕಾಲ್ನಡಿಗೆಯಲ್ಲಿ ಹೊರಟು ಅಷ್ಟೂರಿಗೆ ಬರುತ್ತಾರೆ. ಗೋರಿಯ ಮುಂದೆ ಶಂಖವನ್ನೂದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಹೂವನ್ನೇರಿಸುತ್ತಾರೆ. ಅದೇ ಹೊಸ್ತಿಲಲ್ಲಿ ಮುಸಲ್ಮಾನರು ಫಾತಿಹಾ ಓದುತ್ತಾರೆ. ಹಿಂದೂ ಭಕ್ತರಿಗೆ ಈ ವಲಿಯು ಅಲ್ಲಮಪ್ರಭುವಿನ ಅವತಾರ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಮನು ಅನುಭವ ನಡೆಸಿದ ಕಲ್ಯಾಣವು ಇದೇ ಬೀದರ ಜಿಲ್ಲೆಯಲ್ಲಿರುವುದರಿಂದ ಆ ಹೆಸರು ಇಲ್ಲಿನ ಜನರಿಗೆ ಮನೆಯ ಹೆಸರಿನಂತೆಯೇ ಬಳಕೆಯದು.

ತಿಥಿಯ ಗಣನೆಯಲ್ಲಿಯೂ ಒಂದು ಸ್ವಾರಸ್ಯವುಂಟು. ಹಿಜರಿ ವರ್ಷಕ್ಕೆ ಸುಮಾರು 354 ದಿನಗಳು; ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆದುದರಿಂದ ಮೊಹರಮ್ಮು ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ಬೇಸಗೆಯಲ್ಲಿ ಬಂದು, ಸುಮಾರು 33 ವರ್ಷಗಳಿಗೊಮ್ಮೆ ಋತುಗಳನ್ನೆಲ್ಲ ಸುತ್ತಿಬರುತ್ತದೆ. ನಮ್ಮ ಪಂಚಾಂಗವಾದರೋ ಅಧಿಕಮಾಸವನ್ನು ಸೇರಿಸಿ ಹಬ್ಬವನ್ನು ಋತುವಿಗೆ ಕಟ್ಟಿಹಾಕುತ್ತದೆ. ಅಷ್ಟೂರಿನ ಉರುಸನ್ನು ಹೋಳಿಯಿಂದೀಚೆಗೆ ಎಣಿಸುವುದರಿಂದ ಅದು ವಸಂತವನ್ನು ಬಿಟ್ಟು ಕದಲುವುದಿಲ್ಲ.

ಇದಕ್ಕೆ ಒಕ್ಕಲುತನವೇ ಕಾರಣವಾಗಿರಬೇಕೆಂದು ನಮಗೆ ತೋರುತ್ತದೆ. ಬೀದರ, ಭಾಲ್ಕಿ, ಔರಾದಗಳ ಕಡೆಯಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಗೆ ಮನೆಯೇ ಹೊಲಕ್ಕೆ ಹೋಗುತ್ತದೆ. ಹೆಂಗಸರು ಹಿಂದಿನ ದಿನದಿಂದಲೇ ಕಾಳು ಕಾಯಿಪಲ್ಯಗಳನ್ನು ಕೂಡಿಸಿ ಭಜ್ಜಿ ಬೇಯಿಸುತ್ತಾರೆ. ಸಜ್ಜೆಯ ರೊಟ್ಟಿ ಬಡಿಯುತ್ತಾರೆ. ಗಡಿಗೆಯಲ್ಲಿ ಅಂಬಲಿ ಕಾಸುತ್ತಾರೆ. ನಿಂತ ಬೆಳೆಗೆ ಚರಗ ಚೆಲ್ಲಿದ ಬಳಿಕವೇ ಊಟ. ಆಗ ಹಸಿರಾಗಿದ್ದ ಜೋಳವೂ ಕಡಲೆಯೂ ಹೋಳಿ ಕಳೆಯುವಷ್ಟರಲ್ಲಿ ಮಾಗಿ ಒಕ್ಕಣೆಗೆ ಬಂದಿರುತ್ತವೆ. ಕಣದ ಕೆಲಸ ಮುಗಿದ ರೈತನಿಗೆ ಜಾತ್ರೆಗೆ ಹೋಗಲು ಬಿಡುವೂ ಉಂಟು, ಕೈಯಲ್ಲಿ ನಾಲ್ಕು ಕಾಸೂ ಉಂಟು. ಮಳೆ ತರಿಸಿದ ಅರಸನಿಗೆ ಬೆಳೆ ಬಂದಮೇಲೆ ಕೃತಜ್ಞತೆ ಸಲ್ಲಿಸುವುದು ಯುಕ್ತವೇ ಸರಿ.

ಹಬ್ಬಕ್ಕೂ ಸುಗ್ಗಿಗೂ ವಿರೋಧ ಬಂದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯು ನಿದರ್ಶನ. ಬೀದರಿನಲ್ಲಿ ಅಮೀರ್ ಬರೀದನು ಆಳುತ್ತಿದ್ದ ಕಾಲದಲ್ಲೇ, 1536ರಲ್ಲಿ, ಎಂಟನೆಯ ಹೆನ್ರಿ ರಾಜನ ಆಳಿಕೆಯಲ್ಲಿ ಸಂತರ ಹಬ್ಬಗಳನ್ನು ಕಡಿಮೆ ಮಾಡುವ ಕಟ್ಟಳೆ ಹೊರಟಿತು. ಜುಲೈ 1ರಿಂದ ಸೆಪ್ಟೆಂಬರ್ 29ರವರೆಗಿನ ಸುಗ್ಗಿಯ ಕಾಲದ ಹಬ್ಬಗಳಲ್ಲಿ ಕೆಲವನ್ನುಳಿದು ಮಿಕ್ಕವು ರದ್ದಾದವು. ಹಬ್ಬಗಳ ಅತಿಶಯದಿಂದ ಜನ ಸೋಮಾರಿಗಳಾಗಿ ಪೈರು ಹಾಳಾಗುವುದೆಂಬುದೇ ಕೊಟ್ಟ ಕಾರಣ. ಅದೇ ವರ್ಷದ ಅಕ್ಟೋಬರಿನಲ್ಲಿ ಕಿರ್ಕ್‌ಬಿ ಸ್ಟೀಫನ್ ಎಂಬ ಊರಿನ ಪಾದ್ರಿಯು ಸಂತ ಲೂಕನ ಹಬ್ಬವನ್ನು ಎಂದಿನಂತೆ ಸಾರದೆ ಬಿಡಲು ಜನರು ಸಿಡಿದೆದ್ದರು. 1538ರಲ್ಲಿ ಕ್ಯಾಂಟರ್ಬರಿಯ ಸಂತ ಥಾಮಸನ ಸಮಾಧಿಯನ್ನೇ ಕಿತ್ತುಹಾಕಲಾಯಿತು. ಶತಮಾನಗಳ ಯಾತ್ರೆ ಅಲ್ಲಿಗೆ ಕಡಿದುಹೋಯಿತು.

ಅಷ್ಟೂರಿಗೆ ಅಂತಹ ಗತಿ ಬರಲಿಲ್ಲ. ಬಹಮನಿಗಳ ಮೇಲೆ ಬರೀದ್ ಷಾಹಿಗಳು, 1619ರಲ್ಲಿ ಬಿಜಾಪುರದವರು, 1657ರಲ್ಲಿ ಔರಂಗಜೇಬ, 1724ರಿಂದ ನಿಜಾಮರು ಹೀಗೆ ಒಡೆಯರು ಬದಲಾಗುತ್ತಲೇ ಬಂದರು. 1948ರಲ್ಲಿ, ಮೊದಲು ರಜಾಕಾರರ ಹಾವಳಿಯಿಂದಲೂ ಪೊಲೀಸ್ ಕಾರ್ಯಾಚರಣೆಯ ಬಳಿಕ ಸೇಡಿನ ಹಿಂಸೆಯಿಂದಲೂ ಈ ಜಿಲ್ಲೆಯ ಹಳ್ಳಿಗಳು ಬಹಳ ನೊಂದವು. ನೆರೆಯವರೇ ನೆರೆಯವರಿಗೆ ಹೆದರುವ ಕಾಲವದು. ಅದೂ ಕಳೆದು, 1956ರಲ್ಲಿ ಬೀದರವು ಕನ್ನಡನಾಡನ್ನು ಕೂಡಿತು. ಇಷ್ಟರ ಮೇಲೂ ಆ ಗೋರಿಯ ಮುಂದೆ ಶಂಖದ ದನಿ ಇಂದಿಗೂ ಉಳಿದುಬಂದಿದೆ.

ಇದನ್ನು ಉಳಿಸಿದವರು ನಡೆದು ಬಂದ ಜಂಗಮರು, ಬುತ್ತಿ ಕಟ್ಟಿಕೊಟ್ಟ ತಾಯಂದಿರು, ಕೈಹಿಡಿದು ಬಂದ ಮಕ್ಕಳು. ಈ ಹಬ್ಬ ನಿಮ್ಮದೋ ನಮ್ಮದೋ ಎಂಬ ಪ್ರಶ್ನೆಯು ನಮ್ಮ ಮನೆಗಳಲ್ಲಿ ಎದ್ದಾಗ, ಗೃಹಸ್ಥರು ಮಕ್ಕಳನ್ನು ಒಮ್ಮೆ ಹೋಳಿಯ ತರುವಾಯ ಅಷ್ಟೂರಿಗೆ ಕರೆದೊಯ್ಯಲಿ. ಕಾಯಿ ಒಡೆಯುವ ಸದ್ದನ್ನೂ ಫಾತಿಹಾದ ದನಿಯನ್ನೂ ಒಂದೇ ಬಾಗಿಲಲ್ಲಿ ಕೇಳಿದ ಮಗುವಿಗೆ ಆ ಪ್ರಶ್ನೆಯ ಉತ್ತರವನ್ನು ನಾವು ಬೇರೆಯಾಗಿ ಹೇಳಬೇಕಾಗಿ ಬರಲಾರದು.